ಮಾಸ್ತರರಿಗೂ ಶಮೀಮ್‌ಗೂ ನಡುವೆ ಒಂದು ಸೀಸನ್

ಕೋವಿಡ್ ಕಳೆದು ಸಭಾಂಗಣಗಳ ಬೀಗ ತೆಗೆದ ಮೇಲಿನ ಎರಡನೆಯ ಚಳಿಗಾಲ. ಆಗ ನಾನು ಹುಬ್ಬಳ್ಳಿಯ ಒಂದು ಚೇಂಬರ್ ಆರ್ಕೆಸ್ಟ್ರಾದ ವ್ಯವಸ್ಥಾಪಕಿಯಾಗಿದ್ದೆ. ಹದಿಮೂರು ಜನ ವಾದಕರು, ನಾನೊಬ್ಬಳು, ಒಂದು ಟೆಂಪೊ ಟ್ರಾವೆಲರ್, ಅದರ ಚಾಲಕ. ಇಷ್ಟೇ ನಮ್ಮ ಸಂಸಾರ. ಚೇಂಬರ್ ಆರ್ಕೆಸ್ಟ್ರಾ ಎಂದರೆ ಪಿಟೀಲು, ವಿಯೋಲಾ, ಚೆಲ್ಲೊದಂಥ ತಂತಿವಾದ್ಯಗಳ ಚಿಕ್ಕ ಮೇಳ. ದೊಡ್ಡ ಕೋಣೆಯೊಂದರಲ್ಲಿ ಮೈಕಿಲ್ಲದೆ ಬಾರಿಸಿದರೂ ಎಲ್ಲರಿಗೂ ಕೇಳಬೇಕು, ಅಷ್ಟು ಗಾತ್ರದ್ದು. ಕೋಲು ಆಡಿಸುವ ಕಂಡಕ್ಟರ್ ಇರುವುದಿಲ್ಲ. ಮೊದಲ ಪಿಟೀಲಿನವರು ತಲೆ ಆಡಿಸಿದರೆ ಉಳಿದವರು ಶುರುಮಾಡುತ್ತಾರೆ. ನಮ್ಮಲ್ಲಿ ಆ ತಲೆ ಡೇವಿಡ್‌ನದು. ರೈಲ್ವೆಯಲ್ಲಿ ನೌಕರಿ, ಚರ್ಚಿನಲ್ಲಿ ಕಲಿತ ಪಿಟೀಲು.

ವ್ಯವಸ್ಥಾಪಕಿಯ ಕೆಲಸವೇನು ಎಂದು ಅನೇಕರು ಕೇಳುತ್ತಾರೆ. ಕೈಯಿಲ್ಲದ ಕುರ್ಚಿಗಳನ್ನು ಹುಡುಕುವುದು ಮೊದಲ ಕೆಲಸ; ಕುರ್ಚಿಗೆ ಕೈ ಇದ್ದರೆ ಪಿಟೀಲಿನ ಕಮಾನು ಅದಕ್ಕೆ ಬಡಿಯುತ್ತದೆ. ಆಮೇಲೆ ಊಟ, ವಸತಿ, ಪೋಸ್ಟರು. ಇವೆಲ್ಲಕ್ಕಿಂತ ಹೆಚ್ಚಿನ ಹೊತ್ತು ಹೋಗುವುದು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದರಲ್ಲಿ.

ಸೀಸನ್ ಎಂದರೆ ಒಂದು ಚಳಿಗಾಲದಲ್ಲಿ ಸಾಲಾಗಿ ಕೊಡುವ ಕಾರ್ಯಕ್ರಮಗಳು. ಆ ವರ್ಷ ದೊಡ್ಡ ಊರುಗಳನ್ನು ಬಿಟ್ಟು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಹೋಗುವುದೆಂದು ನಮ್ಮ ಸಮಿತಿ ನಿಶ್ಚಯಿಸಿತು. ಹಾನಗಲ್ಲಿನಲ್ಲಿ ಜನ ಕಿಕ್ಕಿರಿದು ಬಂದರು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಸಿನೆಮಾ ಹಾಡು, ಬಣ್ಣದ ದೀಪ, ಕುಣಿತ. ಆಡೂರಿನಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದ ಹಿರಿಯರೊಬ್ಬರು ಅರ್ಧ ಕಾರ್ಯಕ್ರಮವಾದ ಮೇಲೆ ನನ್ನನ್ನು ಹತ್ತಿರ ಕರೆದು, “ಬಾಯಾರ, ಹಾಡೋರು ಇನ್ನೂ ಬಂದಿಲ್ಲೇನ್ರಿ? ಗಾಡಿ ಎಲ್ಲಿ ಕೆಟ್ಟೈತಿ?” ಎಂದು ಕಳಕಳಿಯಿಂದ ಕೇಳಿದರು. ಹಾಡುವವರಿಲ್ಲ, ಇಷ್ಟೇ ಎಂದೆ. “ಇರ್ಲಿ ಬಿಡ್ರಿ, ಇದೂ ಒಂದು ನಮೂನಿ ಚಲೋನ ಐತಿ” ಎಂದು ಕೊನೆಯವರೆಗೂ ಕುಳಿತರು.

ಸೀಸನ್ನಿನ ಮುಖ್ಯ ಆಕರ್ಷಣೆ ಕೊನೆಯ ಎರಡು ಊರುಗಳಲ್ಲಿತ್ತು. ಒಂದು ಹೊಸ ಕೃತಿ ಬರೆಸಿದ್ದೆವು. ಬರೆದವರು ವಿರೂಪಾಕ್ಷಪ್ಪ ಮಾಸ್ತರರು. ಹಿರೇಕೆರೂರಿನವರು, ಧಾರವಾಡದಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿ ಅಲ್ಲೇ ನೆಲೆಸಿದವರು, ಎಪ್ಪತ್ತು ದಾಟಿದವರು. ಹಿಂದೂಸ್ತಾನಿಯ ಜೊತೆಗೆ ಮಿಷನ್ ಶಾಲೆಯಲ್ಲಿ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಕೂಡ ಕಲಿತಿದ್ದರಿಂದ ಎರಡೂ ದಾರಿ ಬಲ್ಲವರು. ಮೇಳದ ಮುಂದೆ ನಿಂತು ಒಂಟಿ ಪಿಟೀಲು ಬಾರಿಸಬೇಕಾದ ಅತಿಥಿ ಸೋಲೊಯಿಸ್ಟ್ ಶಮೀಮ್. ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳ ಮನೆಯ ಮಗಳು, ಮುಂಬೈಯಲ್ಲಿ ಹೆಸರು ಮಾಡಿದವಳು. ಹಿರೇಕೆರೂರಿನವರ ಕೃತಿ, ಸವಣೂರಿನವಳ ಪಿಟೀಲು, ಎರಡೂ ಊರಿನಲ್ಲಿ ಕಾರ್ಯಕ್ರಮ. ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲವೆಂದು ಸಮಿತಿಯವರು ಬೀಗಿದರು.

ಅವರಿಗೆ ಗೊತ್ತಿರದ ಸಂಗತಿಯನ್ನು ಡೇವಿಡ್ ನನಗೆ ತಿಳಿಸಿದ. ಶಮೀಮ್ ಒಂಬತ್ತು ವರ್ಷದವಳಿದ್ದಾಗಿನಿಂದ ಮಾಸ್ತರರ ಶಿಷ್ಯೆ; ಅವರ ಮನೆಯಲ್ಲೇ ಉಂಡು ಬೆಳೆದವಳು. ಇಪ್ಪತ್ತೆರಡಕ್ಕೆ ಸಿನೆಮಾ ಸಂಗೀತದ ಮೇಳ ಸೇರಲು ಮುಂಬೈಗೆ ಹೊರಟಾಗ ಮಾಸ್ತರರು, “ನಾ ಇದಕ್ಕ ಕಲಿಸಿದ್ದಲ್ಲ” ಎಂದು ಬಾಗಿಲು ಹಾಕಿಕೊಂಡರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಾನು ಗಾಬರಿಯಿಂದ ಮಾಸ್ತರರಿಗೆ ಫೋನ್ ಮಾಡಿ, ಬಾರಿಸುವವಳು ಶಮೀಮ್ ಎಂದೆ. ಆಗ ಅವರು ಕೃತಿ ಬರೆಯಲು ಇನ್ನೂ ಶುರುಮಾಡಿರಲಿಲ್ಲ. “ಯಾರರೆ ಬಾರಸ್ಲಿ, ನನಗೇನು” ಎಂದರು. ಆಕೆಯೂ ಬರುವುದಿಲ್ಲ ಎನ್ನಲಿಲ್ಲ.

ಶಿಗ್ಗಾಂವಿಯಲ್ಲಿ ಎರಡನೆಯ ಕಾರ್ಯಕ್ರಮ ಮುಗಿಸಿ ಅಲ್ಲಿಯೇ ಹೊಸ ಕೃತಿಯ ತಾಲೀಮಿಗೆ ಕುಳಿತೆವು. ಶಾಲೆಯೊಂದರ ಪ್ರಾರ್ಥನಾ ಮಂದಿರ. ಶಮೀಮ್ ನಡುವೆ ನಿಂತಿದ್ದಳು, ಮಾಸ್ತರರು ಎರಡು ಮಾರು ದೂರದಲ್ಲಿ ಕುಳಿತಿದ್ದರು. ನಾನು ಇಬ್ಬರ ನಡುವೆ.

“ಬಾಯಾರ, ಅಕಿಗೆ ಹೇಳ್ರಿ, ಕಮಾನು ಅಂದ್ರ ಕಸಬರಿಗಿ ಅಲ್ಲ.”

ನಾನು ಶಮೀಮ್ ಕಡೆ ತಿರುಗಿ, “ಕಮಾನು ಸ್ವಲ್ಪ ಹಗುರ ಇರ್ಲಿ ಅಂತಾರ” ಎಂದೆ.

“ಅಕ್ಕಾರ, ಅವರಿಗೆ ಹೇಳ್ರಿ, ನಾ ಈಗ ಫ್ರಾಕ್ ಹಾಕ್ಕೊಂಡು ಬರೂ ಹುಡುಗಿ ಅಲ್ಲ.”

“ಆಗ್ಲಿ ಅಂತಾಳ್ರಿ” ಎಂದೆ ಮಾಸ್ತರರಿಗೆ.

ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ನಾನು ಮುಟ್ಟಿಸಿದ ಮೇಲೆಯೇ ಮಾತು ತಮ್ಮವರೆಗೆ ಬಂತೆಂಬ ಮುಖ ಮಾಡುತ್ತಿದ್ದರು. ಚೆಲ್ಲೊ ಬಾರಿಸುವವರು ನಗು ತಡೆಯಲಾರದೆ ತಂತಿ ಶ್ರುತಿ ಮಾಡುವ ನೆಪದಲ್ಲಿ ಬಾಗುತ್ತಿದ್ದರು. ನನಗೂ ಇದೊಂದು ರೀತಿ ಇಷ್ಟವಾಗಿತ್ತೆಂದು ಹೇಳಬೇಕು. ಖಾರದ ಮಾತನ್ನು ಸೋಸಿ ದಾಟಿಸುವುದು ನನ್ನ ಕಸುಬಿನ ಜಾಣ್ಮೆ ಎಂದುಕೊಂಡಿದ್ದೆ.

ಆ ಸಂಜೆ ಡೇವಿಡ್ ಕೃತಿಯ ಕೊನೆಯ ಪುಟ ತೋರಿಸಿದ. ಪಿಟೀಲಿನಲ್ಲಿ ಎಡಗೈಯ ನಾಲ್ಕು ಬೆರಳು ತಂತಿಯ ಮೇಲೆ ಓಡಾಡುತ್ತವೆ. ಕಿರುಬೆರಳು ಎಲ್ಲಕ್ಕಿಂತ ದುರ್ಬಲ. ಬರೆಯುವವರು ಅದಕ್ಕೆ ಹೆಚ್ಚು ಭಾರ ಹೊರಿಸುವುದಿಲ್ಲ. ಇಲ್ಲಿ ಮಾತ್ರ ಒಂದು ನೀಳವಾದ ಸಾಲು ಪೂರ್ತಿ ಕಿರುಬೆರಳ ಮೇಲೆ ನಿಂತಿತ್ತು. ಉಳಿದ ಮೂರು ಬೆರಳು ಊರಿರಬೇಕು, ಕಿರುಬೆರಳು ದೂರಕ್ಕೆ ಚಾಚಿ ಮೇಲಿನ ಸ್ವರಗಳನ್ನು ಹಿಡಿಯಬೇಕು.

“ನನಗ ಆಗೂದಿಲ್ರಿ ಇದು,” ಎಂದ ಡೇವಿಡ್. “ಯಾರದೋ ಕೈಯಳತಿ ತಗೊಂಡು ಅಂಗಿ ಹೊಲದಂಗ ಬರದಾರ. ಶಮೀಮಕ್ಕನ ಕಿರಿಬೆರಳು ಸಣ್ಣಾಕಿದ್ದಾಗಿಂದ ಉದ್ದ ಅಂತ. ಎಲ್ಲಾರೂ ಹೇಳ್ತಿದ್ರು.”

ಯಾರಾದರೂ ಬಾರಿಸಲಿ ಎಂದಿದ್ದ ಮನುಷ್ಯ ಇಪ್ಪತ್ತು ವರ್ಷಕ್ಕೂ ಮೇಲೆ ಆ ಬೆರಳಿನ ಉದ್ದವನ್ನು ನೆನಪಿಟ್ಟುಕೊಂಡಿದ್ದರು. ನನಗೆ ಅವರ ಮೇಲೆ ಹುಟ್ಟಿದ ಅಕ್ಕರೆ ಆಮೇಲೆ ಎಷ್ಟು ಜಗಳವಾದರೂ ಕಡಿಮೆಯಾಗಲಿಲ್ಲ.

ಆದರೆ ತಾಲೀಮಿನಲ್ಲಿ ಆ ಸಾಲು ಬಂದಾಗೆಲ್ಲ ಶಮೀಮ್ ಏನಾದರೊಂದು ನೆಪ ಹೇಳಿ ನಿಲ್ಲಿಸುತ್ತಿದ್ದಳು. ಸವಣೂರಿನ ಕಾರ್ಯಕ್ರಮದ ಹಿಂದಿನ ದಿನ ಆಕೆಯ ಅಣ್ಣನ ಮನೆಗೆ ಹೋದೆ. ಪಡಸಾಲೆಯಲ್ಲಿ ಒದ್ದೆ ಬಟ್ಟೆ ಹೊದಿಸಿದ ಎಲೆಯ ಪೆಂಡಿಗಳು. ಅತ್ತಿಗೆ ಸವಣೂರಿನ ಖಾರದ ತಿಂಡಿ, ಚಹಾ ತಂದಿಟ್ಟು ಒಳಗೆ ಹೋದರು. ಶಮೀಮ್ ಎಡಗೈಯನ್ನು ನನ್ನ ಮುಂದೆ ಮುಷ್ಟಿ ಮಾಡಿದಳು. ಮೂರು ಬೆರಳು ಮಡಚಿಕೊಂಡವು. ಕಿರುಬೆರಳು ಅರ್ಧಕ್ಕೇ ನಿಂತಿತು.

“ಮುಂಬೈಯಾಗ ಟ್ಯಾಕ್ಸಿ ಬಾಗಲಾ ಬಡೀತ್ರಿ. ಎರಡು ವರ್ಷ ಆತು. ಆಪರೇಶನ್ ಆಗೇತಿ. ಉಳದದ್ದೆಲ್ಲಾ ಹೆಂಗರೆ ಸಂಭಾಳಿಸ್ತೇನಿ, ಆ ಒಂದು ಸಾಲು ಆಗೂದಿಲ್ಲ.”

ಮಾಸ್ತರರಿಗೆ ಹೇಳೋಣ, ಬದಲಾಯಿಸಿ ಕೊಡುತ್ತಾರೆ ಎಂದೆ.

“ಬ್ಯಾಡ್ರಿ. ಅವರ ಸಿಟ್ಟು ನನಗ ರೂಢಿ ಐತಿ. ಮರುಕ ತಡಕೊಳ್ಳಾಕ ಆಗೂದಿಲ್ಲ. ನೀವು ಹೇಳಂಗಿಲ್ಲ ಅಂತ ಮಾತು ಕೊಡ್ರಿ.”

ಕೊಟ್ಟೆ. ಕಲಾವಿದರ ದೇಹದ ಸಂಗತಿ ಅವರ ಸ್ವಂತದ್ದು. ಅದರ ಬಗ್ಗೆ ಬಾಯಿ ಬಿಡಬಾರದೆನ್ನುವುದು ನಮ್ಮ ಕೆಲಸದಲ್ಲಿ ಬರೆಯದೆ ಪಾಲಿಸುವ ನಿಯಮ.

ಶನಿವಾರ ಸಂಜೆ ಸವಣೂರಿನ ಸಮುದಾಯ ಭವನ ತುಂಬಿತ್ತು. ಶಮೀಮ್‌ಳ ಬಂಧುಗಳೇ ಮೂರು ಸಾಲು ಹಿಡಿದಿದ್ದರು. ಕೃತಿ ಚೆನ್ನಾಗಿ ಸಾಗಿತು. ಕೊನೆಯ ಸಾಲು ಬಂದಾಗ ಆಕೆ ಕಿರುಬೆರಳು ಬಿಟ್ಟು, ಮೂರನೆಯ ಬೆರಳನ್ನೇ ತಂತಿಯ ಮೇಲೆ ಜಾರಿಸಿ ಜಾರಿಸಿ ಸ್ವರ ಮುಟ್ಟಿದಳು. ಸಿನೆಮಾ ಹಾಡಿನಲ್ಲಿ ಕಣ್ಣೀರಿನ ದೃಶ್ಯಕ್ಕೆ ಬರುತ್ತದಲ್ಲ, ಆ ಬಗೆ. ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಮಾಸ್ತರರು ಚಪ್ಪಾಳೆಗೆ ಮೊದಲೇ ಎದ್ದು ಹೊರಗೆ ಹೋಗಿದ್ದರು.

ಜನ ಚದುರಿದ ಮೇಲೆ ಅವರು ವೇದಿಕೆ ಹತ್ತಿ, ಪ್ರತಿ ಸ್ಟ್ಯಾಂಡಿನ ಮೇಲಿದ್ದ ಪಾರ್ಟುಗಳನ್ನು, ಅಂದರೆ ವಾದಕರು ನೋಡಿ ಬಾರಿಸುವ ಹಾಳೆಗಳನ್ನು, ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡರು. ಯಾರಿಗೂ ತಡೆಯುವ ಧೈರ್ಯವಾಗಲಿಲ್ಲ.

“ಬಾಯಾರ, ಅಕಿಗೆ ಹೇಳ್ರಿ. ನನ್ನ ಬರಹ ಬ್ಯಾಡಾಗಿದ್ರ ಮೊದಲ ಬ್ಯಾಡ ಅನ್ನಬೇಕಿತ್ತು. ಹಿಂಗ ಮಂದಿ ಮುಂದ ಅಣಕಿಸೂದು ಬ್ಯಾಡಾಗಿತ್ತು. ಹಿರೇಕೆರೂರಾಗ ಇದು ಆಗೂದಿಲ್ಲ. ನಾ ಮುಂಜಾನೆ ಯಲವಿಗಿ ಸ್ಟೇಶನ್‌ನಿಂದ ರೈಲು ಹತ್ತಿ ಧಾರವಾಡಕ್ಕ ಹೋಗ್ತೇನಿ.”

ಹಿರೇಕೆರೂರಿನ ಕಾರ್ಯಕ್ರಮ ಮರುದಿನವೇ ಸಂಜೆ. ಅಲ್ಲಿ ಅವರ ಹೆಸರಿನ ಪೋಸ್ಟರು ಅಂಟಿದ್ದವು; ಅವರ ಜೊತೆ ಓದಿದವರೆಲ್ಲ ಬರುವವರಿದ್ದರು. ಬೇರೆ ಕೃತಿ ಬಾರಿಸಿ ದಿನ ದಾಟಿಸಬಹುದಿತ್ತು. ಆದರೆ ಅವರು ರೈಲು ಹತ್ತಿದರೆ ಈ ಇಬ್ಬರೂ ಇನ್ನೊಮ್ಮೆ ಒಂದೇ ಸೂರಿನಡಿ ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

ಬೆಳಿಗ್ಗೆ ಬೇಗ ಶಮೀಮ್‌ಳ ಮನೆಗೆ ಹೋದೆ. ಮಾಸ್ತರರ ಮಾತನ್ನು ಈ ಸಲ ಸೋಸದೆ ಹೇಳಿದೆ. ಅಣಕಿಸಿದ್ದು ಎಂಬ ಮಾತಿಗೆ ಆಕೆಯ ಮುಖ ಇಳಿಯಿತು.

“ಅಣಕಾ? ಅಣಕಾ ಅಂದ್ರೇನು?” ಎಡಗೈಯನ್ನು ನೋಡಿಕೊಂಡು, “ಆತ್ರಿ ಅಕ್ಕಾರ. ಹೋಗಿ ಹೇಳಿಬಿಡ್ರಿ. ಬೆರಳು ಹಿಂಗ ಆಗೇತಿ ಅಂತ ಹೇಳ್ರಿ” ಎಂದಳು.

ಒಪ್ಪಿಗೆ ಸಿಕ್ಕಿತ್ತು. ನಾನೇ ಓಡಿಹೋಗಿ ಹೇಳಿದ್ದರೆ ಕಾರ್ಯಕ್ರಮ ಬಹುಶಃ ಉಳಿಯುತ್ತಿತ್ತು. ಆದರೆ ನನ್ನ ಬಾಯಿಂದ ಹೋದ ಮಾತಿಗೆ ಅವರ ಉತ್ತರವೂ ನನ್ನ ಬಾಯಿಂದಲೇ ಬರುತ್ತಿತ್ತು. ಹೊರಗೆ ನಿಂತ ಗಾಡಿ ನೋಡಿ ಮನಸ್ಸು ಗಟ್ಟಿಮಾಡಿದೆ.

“ಇದನ್ನ ನಾ ಹೇಳೂದಿಲ್ಲ, ಶಮೀಮ್. ಚಪ್ಪಲ್ ಹಾಕ್ಕೊ, ಗಾಡಿ ಹತ್ತು.”

ಆಕೆ ಸಿಟ್ಟಾದಳು. ನಿಮ್ಮ ಕೆಲಸ ಇದೇ ಅಲ್ಲವೇ ಎಂದಳು. ಇವತ್ತು ಈ ಕೆಲಸಕ್ಕೆ ರಜೆ ಎಂದೆ. ಒಳಗಿನಿಂದ ಅತ್ತಿಗೆ ಬಂದು ಶಮೀಮ್‌ಳ ದುಪಟ್ಟಾ ತಂದು ಅವಳ ಹೆಗಲಿಗೆ ಹಾಕಿದರು.

ಯಲವಿಗಿಯ ಪ್ಲಾಟ್‌ಫಾರ್ಮಿನಲ್ಲಿ ಮಾಸ್ತರರು ಬೆಂಚಿನ ಮೇಲೆ ಚೀಲ ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದರು. ರೈಲು ಇನ್ನೂ ಬಂದಿರಲಿಲ್ಲ. ನಮ್ಮನ್ನು ಕಂಡು ನನ್ನ ಕಡೆಗಷ್ಟೇ ನೋಡಿ, “ಬಾಯಾರ, ಅಕಿಗೆ ಹೇಳ್ರಿ—” ಎಂದು ಶುರುಮಾಡಿದರು.

“ಅಕಿ ಇಲ್ಲೇ ನಿಂತಾಳ್ರಿ. ನೀವೇ ಹೇಳ್ರಿ” ಎಂದೆ.

ಇಬ್ಬರೂ ನನ್ನತ್ತ ನೋಡಿದರು. ನಾನು ಹಳಿಗಳ ಕಡೆ ಮುಖ ತಿರುಗಿಸಿದೆ. ಕಡೆಗೆ ಶಮೀಮ್ ಬೆಂಚಿನ ತುದಿಗೆ ಕುಳಿತು ಎಡಗೈ ಮುಂದೆ ಚಾಚಿದಳು.

“ಮಾಸ್ತರ, ಬೆರಳು ಹೋಗೇತ್ರಿ.”

ಅವರು ಕನ್ನಡಕ ಸರಿಮಾಡಿಕೊಂಡು ಕೈ ಹಿಡಿದುಕೊಂಡರು. “ಮಡಚು” ಎಂದರು. ಮಡಚಿದಳು. “ಚಾಚು.” ಚಾಚಿದಳು. ಗಾಯದ ಗೆರೆಯ ಮೇಲೆ ಹೆಬ್ಬೆರಳಾಡಿಸಿದರು.

“ನನಗ ಯಾಕ ಹೇಳ್ಲಿಲ್ಲ?”

“ನೀವು ಮಾತಾಡಿಸಿದ್ರ ಹೇಳ್ತಿದ್ದೆ.”

ಮಾಸ್ತರರು ಕೈ ಬಿಡಲಿಲ್ಲ. “ಆ ಸಾಲು ನಿನ್ನ ಬೆರಳಿಗಂತನ ಬರದಿದ್ದೆ” ಎಂದರು.

“ಗೊತ್ತೈತ್ರಿ. ನೋಡಿದ ಕೂಡ್ಲೆ ಗೊತ್ತಾತು. ಅದಕ್ಕ ಬಿಟ್ಟುಕೊಡಾಕ ಮನಸ್ಸಾಗ್ಲಿಲ್ಲ.”

ರೈಲು ಬಂತು, ನಿಂತಿತು, ಹೋಯಿತು. ಅದು ಹೋದ ಮೇಲೆ ಮಾಸ್ತರರು ಮೊದಲು ಆಡಿದ ಮಾತು: “ಆದರೂ ನಿನ್ನೆ ಬಾರಿಸಿದ್ದು ನನಗ ಹಿಡಸಿಲ್ಲ. ಎಳದು ಎಳದು ಹಲ್ವಾ ಮಾಡಿದಿ.” ಶಮೀಮ್ ಅಳುತ್ತಿದ್ದವಳು ನಕ್ಕುಬಿಟ್ಟಳು.

ಹಿರೇಕೆರೂರು ಮುಟ್ಟುವವರೆಗೂ ಗಾಡಿಯಲ್ಲಿ ಇಬ್ಬರೂ ಜಗಳವಾಡಿದರು. ಮಾಸ್ತರರ ಸಲಹೆ ಹೀಗಿತ್ತು: ಕೆಳಗಿನ ಸ್ವರಗಳನ್ನು ಶಮೀಮ್ ಹಿಡಿಯಲಿ, ಕಿರುಬೆರಳಿನ ಸ್ವರಗಳನ್ನು ಪಕ್ಕದಲ್ಲಿ ಡೇವಿಡ್ ಬಾರಿಸಲಿ. ಒಬ್ಬರ ಸಾಲನ್ನು ಇಬ್ಬರಿಗೆ ಹಂಚಬಾರದೆಂದು ಆಕೆ, ಹಂಚಿದರೇನಾಗುತ್ತದೆಂದು ಇವರು. ಎಷ್ಟೋ ಹೊತ್ತಿಗೆ ಒಪ್ಪಿಗೆಯಾಯಿತು. ನನ್ನನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಹಾಯಾಗಿ ನಿದ್ದೆ ಮಾಡಿದೆ.

ಸಂಜೆ ಮಾಸ್ತರರು ತಮ್ಮ ಹಳೆಯ ಗೆಳೆಯರ ನಡುವೆ ಮುಂದಿನ ಸಾಲಿನಲ್ಲಿ ಕುಳಿತರು. ಕೊನೆಯ ಸಾಲು ಬಂತು. ಕೆಳಗಿನ ಸ್ವರ ಶಮೀಮ್‌ಳದು, ಮೇಲಿನದು ಡೇವಿಡ್‌ನದು. ಇಬ್ಬರು ಒಂದೇ ಉಸಿರಿನಲ್ಲಿ ಮಾತಾಡಿದ ಹಾಗೆ ಕೇಳುತ್ತಿತ್ತು. ಕಟ್ಟಕಡೆಯ ಸ್ವರವೂ ಡೇವಿಡ್‌ನದೇ ಆಗಬೇಕಿತ್ತು. ಶಮೀಮ್ ಅವನತ್ತ ನೋಡಿ ಬೇಡವೆಂದು ತಲೆಯಾಡಿಸಿ, ತನ್ನ ಕಿರುಬೆರಳನ್ನೇ ಊರಿದಳು. ಸ್ವರ ಸಣ್ಣಗೆ ಬಂತು, ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗೆ. ನಡುಗಿತು, ಆದರೆ ಮುರಿಯಲಿಲ್ಲ.

ಸಭೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಮಾಸ್ತರರು ಮೈಮರೆತು, ಸ್ವರ ತಪ್ಪಿದ ಶಿಷ್ಯರಿಗೆ ಜೀವನವಿಡೀ ಹೇಳಿದ ಮಾತನ್ನು ಗಟ್ಟಿಯಾಗಿ ಹೇಳಿಬಿಟ್ಟರು: “ಇನ್ನೊಮ್ಮೆ.”

ಅದು ಪಾಠದ ಮಾತೆಂದು ಗೊತ್ತಿದ್ದದ್ದು ಶಮೀಮ್‌ಗೆ ಮಾತ್ರ. ಕಂಪನಿ ನಾಟಕ ನೋಡಿ ಬೆಳೆದ ಜನ ಅದನ್ನು ಬೇರೆಯೇ ರೀತಿ ಕೇಳಿಸಿಕೊಂಡರು. ಹಿಂದಿನಿಂದ ಯಾರೋ “ಒನ್ಸ್ ಮೋರ್” ಎಂದರು. ಇನ್ನೊಬ್ಬರು ಎಂದರು. ನೋಡನೋಡುತ್ತಿದ್ದಂತೆ ಇಡೀ ಸಭೆ ಅದನ್ನೇ ಕೂಗತೊಡಗಿತು. ಮಾಸ್ತರರು ತಬ್ಬಿಬ್ಬಾಗಿ ಹಿಂದೆ ತಿರುಗಿ ನೋಡಿದರು. ಶಮೀಮ್ ನಗುತ್ತ, “ಆತ್ರಿ ಮಾಸ್ತರ” ಎಂದು ಪಿಟೀಲು ಮತ್ತೆ ಹೆಗಲಿಗೇರಿಸಿದಳು. ಎರಡನೆಯ ಸಲ ಬೆರಳು ದಣಿದಿತ್ತು. ಸ್ವರ ಇನ್ನೂ ಸ್ವಲ್ಪ ಇಳಿಯಿತು. ಮಾಸ್ತರರು ಕಣ್ಣು ಮುಚ್ಚಿ ತಲೆದೂಗಿದರು.

ಆಮೇಲೆ ಅವರಿಬ್ಬರೂ ನೇರವಾಗಿ ಫೋನಿನಲ್ಲಿ ಮಾತಾಡಿಕೊಳ್ಳತೊಡಗಿದರು. ಅದರಿಂದ ನನ್ನ ಕಷ್ಟ ಹೆಚ್ಚಿತು. ಮುಂದಿನ ಸೀಸನ್ನಿನ ಕೃತಿ ಯಾವುದೆಂದು ತಾವೇ ತೀರ್ಮಾನಿಸಿ, ತಾಲೀಮಿನ ದಿನ ಗೊತ್ತುಮಾಡಿ, ನನಗೆ ತಿಳಿಸುವುದನ್ನೇ ಮರೆತಿದ್ದರು. ನನಗೆ ಸುದ್ದಿ ತಿಳಿದದ್ದು ನಮ್ಮ ಗಾಡಿಯ ಚಾಲಕನಿಂದ.

ಹೋದ ವರ್ಷ ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದ ಹೆಣ್ಣುಮಗಳು, ಈ ಕೆಲಸದಲ್ಲಿ ಮುಖ್ಯವಾಗಿ ಏನು ತಿಳಿದಿರಬೇಕು ಎಂದು ಕೇಳಿದಳು. ಕುರ್ಚಿ, ಊಟ, ವಸತಿ ಇವೆಲ್ಲ ನೀನೇ ಕಲಿಯುತ್ತೀ ಎಂದೆ. ದಿನವೂ ಹತ್ತಾರು ಮಾತು ಮುಟ್ಟಿಸಬೇಕಾಗುತ್ತದೆ, ಸೋಸಿ ಮುಟ್ಟಿಸು. ಆದರೆ ಎಂದಾದರೂ ಒಂದು ಮಾತು ನಿನ್ನ ಕೈಗೆ ಬರುತ್ತದೆ. ಅದನ್ನು ಹಿಡಿದಾಗಲೇ ಇದು ನನ್ನದಲ್ಲವೆಂದು ಗೊತ್ತಾಗುತ್ತದೆ. ಅಂಥ ದಿನ ಗಾಡಿ ತರಿಸು, ಮಾತನ್ನು ಬಿಟ್ಟು ಮನುಷ್ಯರನ್ನೇ ಮುಟ್ಟಿಸು.