ಐದನೆಯ ಚಕ್ರ ಮಾತ್ರ ಹಾಲಿನಂತೆ

ಎದುರು ಮನೆಯವರು ಹೊಸ ಗೇಟು ಹಾಕಿಸಿದ್ದಾರೆ. ಕಡುಗಪ್ಪು ಬಣ್ಣ, ತುದಿಗೆಲ್ಲ ಬಂಗಾರದ ಬಾಣಗಳು. ನನ್ನನ್ನು ಕೇಳಿದ್ದರೆ ಬಾಣ ಬೇಡ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಮೊನ್ನೆ ಮಧ್ಯಾಹ್ನ ನಮ್ಮೂರು ಬೋಡಿಯ ಬಿಸಿಲು ಅದರ ಮೇಲೆ ನೇರವಾಗಿ ಬಿದ್ದಾಗ ಒಂದು ವಾಸನೆ ಎದ್ದು ರಸ್ತೆ ದಾಟಿ ನನ್ನ ವರಾಂಡಾಕ್ಕೆ ಬಂತು. ಪೇಂಟಿನ ವಾಸನೆಯಲ್ಲ. ಪೇಂಟಾದರೆ ಮೂಗಿಗೆ ಚುಚ್ಚುತ್ತದೆ. ಇದು ಒಣ ವಾಸನೆ. ಇಸ್ತ್ರಿಪೆಟ್ಟಿಗೆ ಟೆರಿಲಿನ್ ಸೀರೆಯ ಮೇಲೆ ಒಂದು ಕ್ಷಣ ಹೆಚ್ಚಾಗಿ ನಿಂತರೆ ಬರುವಂಥದ್ದು. ಪೌಡರ್ ಕೋಟಿಂಗ್... ಕೈಯಲ್ಲಿದ್ದ ಕಾಫಿ ಆರಿ ಹೋಗುವವರೆಗೂ ಕೂತೇ ಇದ್ದೆ. ತೇನಿ ರಸ್ತೆಯ ಆ ತಗಡಿನ ಶೆಡ್ಡು, ಆ ಮನುಷ್ಯ, ಆ ನಲವತ್ತು ದಿನ ನನ್ನ ನೆತ್ತಿಗೇರಿ ಕೂತಿದ್ದ ಕೋಪ, ಎಲ್ಲವೂ ಬಂದು ಎದುರಿಗೆ ನಿಂತವು.

ಅವರನ್ನು ನಾವು ಕೋಟಿಂಗ್‌ಕಾರರು ಎಂದೇ ಕರೆಯುತ್ತಿದ್ದೆವು. ಮಾರ್ಕಯನ್‌ಕೋಟ್ಟೈ ಕಡೆಯವರು, ನಮ್ಮ ಜನವೇ, ತಮಿಳು ಸೀಮೆಯಲ್ಲಿದ್ದರೂ ಮನೆಯಲ್ಲಿ ನಮ್ಮ ಕನ್ನಡವನ್ನೇ ಆಡುವವರು. ಅಕ್ಕಿ ಗಿರಣಿಯ ಹಿಂದೆ ಅವರ ಶೆಡ್ಡು. ಕಿಟಕಿ ಗ್ರಿಲ್ಲು, ಸ್ಟೀಲ್ ಬೀರು, ಉಯ್ಯಾಲೆ ಸರಪಳಿ, ಇವೇ ಅವರ ಕೆಲಸ. ಬಣ್ಣದ ಪುಡಿಯನ್ನು ಗನ್ನಿನಲ್ಲಿ ಊದಿ, ದೊಡ್ಡ ಓವನ್ನಿನಲ್ಲಿಟ್ಟು ಬೇಯಿಸಿದರೆ ಅದು ಕರಗಿ ಲೋಹಕ್ಕೆ ಚರ್ಮದಂತೆ ಅಂಟಿಕೊಳ್ಳುತ್ತದೆ. ಅವರ ರೆಪ್ಪೆಗಳ ಮೇಲೆ ಯಾವಾಗಲೂ ಆ ದಿನದ ಬಣ್ಣ ಕೂತಿರುತ್ತಿತ್ತು. ಒಂದು ದಿನ ನೀಲಿ, ಒಂದು ದಿನ ಗಿಳಿಹಸಿರು. ಆ ಕಣ್ಣುಗಳನ್ನು ನೋಡುತ್ತಾ ಸೀರಿಯಸ್ಸಾಗಿ ಜಗಳವಾಡುವುದು ಬಹಳ ಕಷ್ಟ. ನಾನು ಆಡಿದೆ.

ಜಗಳ ನನ್ನ ಗಂಡನ ಜೀಪಿನ ಚಕ್ರಗಳ ಮೇಲೆ. ನಮ್ಮವರಿಗೆ ಅಂಗಡಿಯಲ್ಲಿ ಸಿಗುವ ಚಕ್ರ ಹಿಡಿಸಲಿಲ್ಲ. ತಾವೇ ಕಾಗದದ ಮೇಲೆ ಐದು ಕಡ್ಡಿಯ ಡಿಸೈನ್ ಬರೆದರು. ಬೋಡಿಯ ಬಡಗಿಯೊಬ್ಬ ಅದನ್ನು ಮರದಲ್ಲಿ ಕೆತ್ತಿಕೊಟ್ಟ. ಕೊಯಮತ್ತೂರಿನ ಫೌಂಡ್ರಿಯಲ್ಲಿ ಮರಳಿನ ಅಚ್ಚಿಗೆ ಅಲ್ಯೂಮಿನಿಯಂ ಹೊಯ್ಯಿಸಿ ಐದು ಚಕ್ರ ಮಾಡಿಸಿ ತಂದರು. ನಾಲ್ಕು ಓಡಾಡಲು, ಒಂದು ಹಿಂದೆ ನೇತುಹಾಕಲು. "ಇವಕ್ಕೆ ಒಂದು ದಿನ ಕ್ರೀಮ್ ಕಲರ್ ಹಾಕಿಸ್ಬೇಕು," ಎನ್ನುವುದನ್ನು ಮೂವತ್ತು ವರ್ಷ ಕೇಳಿದೆ. ಹಾಕಿಸಲಿಲ್ಲ. ಬರೀ ಲೋಹದ ಚಕ್ರಗಳಲ್ಲೇ ಬೋಡಿಮೆಟ್ಟಿನ ಏಲಕ್ಕಿ ತೋಟಕ್ಕೆ ಹತ್ತಿ ಇಳಿದು, ಒಂದು ದಿನ ಹೊರಟೇ ಹೋದರು.

ಅವರ ವರ್ಷದ ದಿನದ ಪೂಜೆಯನ್ನು ಮೇಲಿನ ತೋಟದಲ್ಲೇ ಮಾಡುವುದು, ಅವರ ಜೀಪಿನಲ್ಲೇ, ಕ್ರೀಮ್ ಬಣ್ಣದ ಚಕ್ರದ ಮೇಲೇ ಹೋಗುವುದು ಎಂದು ನಿಶ್ಚಯ ಮಾಡಿದೆ. ಬದುಕಿದ್ದಾಗ ನಡೆಸದ ಒಂದು ಆಸೆಯನ್ನಾದರೂ ನಡೆಸಬೇಕು ಅನ್ನಿಸಿತ್ತು... ತಿಥಿಗೆ ಇನ್ನು ಐವತ್ತು ದಿನ ಇತ್ತು. ತಿಥಿಯನ್ನು ಮುಂದೆ ಹಾಕುವಂತಿಲ್ಲ.

ಕೋಟಿಂಗ್‌ಕಾರರು ಒಂದು ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ತಲೆಯಂತೆ ಸವರಿದರು.

"ಕವಲೆ ಬ್ಯಾಡ ಅಕ್ಕಾ, ಚಿಂತೆ ಬಿಡಿ. ಹತ್ತು ದಿನ. ಮದುವೆ ಹೆಣ್ಣಿನಂಗೆ ಸಿಂಗಾರ ಮಾಡಿ ಕಳಿಸ್ತೀನಿ."

"ಹೆಣ್ಣು ಬ್ಯಾಡಪ್ಪಾ, ಚಕ್ರ ಕಳಿಸು ಸಾಕು," ಎಂದೆ.

ಅಂದು ಅವರು ಬಹಳ ಖುಷಿಯಲ್ಲಿದ್ದರು. ಹತ್ತಿರದ ತೇವಾರ ಊರಿನಲ್ಲಿ ನಮ್ಮ ಜನದ ಕಲ್ಯಾಣ ಮಂಟಪ ಏಳುತ್ತಿತ್ತು. ಅದರ ಕಮಿಟಿಯಲ್ಲಿ ನನ್ನ ಅಣ್ಣನ ಮಗನದೇ ಮಾತು. ಗೇಟು, ಕಿಟಕಿಗಳು, ಊಟದ ಹಜಾರದ ಗ್ರಿಲ್ಲು, ಎಲ್ಲದರ ಕೋಟಿಂಗೂ ಇವರಿಗೇ ಎಂದು ಅವನು ಹೇಳಿದ್ದನಂತೆ. "ಅಷ್ಟುದ್ದದ ಗೇಟು ನನ್ನ ಓವನ್ನಲ್ಲಿ ಮಲಗಲ್ಲ ಅಕ್ಕಾ. ಅದುಕ್ಕೇ ಗೋಡೆ ಒಡೆದು ಓವನ್ ಉದ್ದ ಮಾಡಿಸ್ತಾ ಇವ್ನಿ," ಎಂದು ಕರೆದುಕೊಂಡು ಹೋಗಿ ತೋರಿಸಿದರು. ಅರ್ಧ ಒಡೆದ ಗೋಡೆ, ಒಪ್ಪವಾಗಿ ಜೋಡಿಸಿಟ್ಟ ಹೊಸ ತಗಡು. ನಾನು ಚಕ್ರದ ಧ್ಯಾನದಲ್ಲಿದ್ದೆ. ಸರಿಯಾಗಿ ನೋಡಲೂ ಇಲ್ಲ.

ಹತ್ತು ದಿನ ಹದಿನಾಲ್ಕಾಯಿತು. ಚಕ್ರಗಳು ಬಂದವು. ಬಣ್ಣ ಏನೋ ಸರಿ, ಎಮ್ಮೆ ಹಾಲಿನ ಕೆನೆಯ ಬಣ್ಣ. ಆದರೆ ಮೈ! ಕನ್ನಡಕ ಹಾಕಿಕೊಂಡು ನೋಡಿದರೆ ಅಪ್ಪಂ ಮೇಲಿನ ತೂತುಗಳಂತೆ ಸಣ್ಣ ಸಣ್ಣ ಗುಳಿ, ಒಂದೊಂದು ಕಡ್ಡಿಯ ಬುಡದಲ್ಲೂ ಹತ್ತಿಪ್ಪತ್ತು. ಸಾಲದ್ದಕ್ಕೆ ಬೋಲ್ಟ್ ಕೂರುವ ತೂತುಗಳನ್ನು ಮುಚ್ಚದೆ ಅದರೊಳಗೂ ಪುಡಿ ಊದಿಬಿಟ್ಟಿದ್ದರು. ಬೋಲ್ಟ್ ಹಾಕಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಬೋಡಿಮೆಟ್ಟಿನ ತಿರುವುಗಳಲ್ಲಿ ಸಡಿಲ ಬೋಲ್ಟಿನ ಚಕ್ರದ ಮೇಲೆ ನಾನು ಗಂಡನ ಪೂಜೆಗೆ ಹೋಗಿದ್ದರೆ ಪೂಜೆ ಇಬ್ಬರಿಗೂ ಒಟ್ಟಿಗೇ ಆಗುತ್ತಿತ್ತು.

ಆಟೋದಲ್ಲಿ ಹಾಕಿಸಿಕೊಂಡು ವಾಪಸು ಹೋದೆ. ಬೀರು ನೋಡಲು ಬಂದ ಗಿರಾಕಿಗಳು ಇಬ್ಬರು ಮೂವರು ನಿಂತಿದ್ದರು. ಅವರೆಲ್ಲರ ಮುಂದೆ, "ಕೇರ್‌ಲೆಸ್ ವರ್ಕ್! ಸಿಂಪ್ಲಿ ಕೇರ್‌ಲೆಸ್!" ಎಂದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಆ ಇಂಗ್ಲಿಷ್ ನನಗೆ ಕೋಪ ಬಂದಾಗ ಮಾತ್ರ ಪೂರ್ತಿ ಒದಗುತ್ತದೆ. ಕೋಟಿಂಗ್‌ಕಾರರು ಬೋಲ್ಟ್ ತೂತಿನ ತಪ್ಪನ್ನು ಅಲ್ಲೇ ಒಪ್ಪಿಕೊಂಡರು. ಗುಳಿಗಳನ್ನು ಮಾತ್ರ ಬೆರಳಿನಲ್ಲಿ ತಡವಿ ತಡವಿ ನೋಡಿದರು. ಹಳೆಯ ಕೋಟನ್ನು ಪೂರಾ ಸುಲಿದು ಮತ್ತೆ ಹಾಕುವುದಾಗಿ ಹೇಳಿದರು.

ಎರಡನೆಯ ಸಲ ತೂತುಗಳು ಸರಿಯಾಗಿದ್ದವು. ಗುಳಿಗಳು ಹೆಚ್ಚಾಗಿದ್ದವು. ನನಗೆ ಅಳು ಬರುವುದೊಂದು ಬಾಕಿ. ಮತ್ತೆ ಶೆಡ್ಡಿಗೆ ಹೋದೆ. ಈ ಸಲ ಅವರು ಐದೂ ಚಕ್ರಗಳನ್ನು ನೆಲದ ಮೇಲೆ ಸಾಲಾಗಿ ಮಲಗಿಸಿ ಕುಕ್ಕರುಗಾಲಲ್ಲಿ ಕೂತರು.

"ಅಕ್ಕಾ, ಇಲ್ಲಿ ನೋಡಿ. ಅದೇ ಪುಡಿ, ಅದೇ ಓವನ್ನು, ಒಂದೇ ದಿನ ಬೇಯ್ಸಿದ್ದು. ಈ ಐದನೇದು ಹೆಂಗದೆ ನೋಡಿ, ಹಾಲಿನಂಗದೆ. ಮೊದಲ್ನೇ ಸಲವೂ ಇದು ಹಿಂಗೇ ಬಂತು. ಆ ನಾಲ್ಕುಕ್ಕೆ ಮಾತ್ರ ಏನೋ ಆಗದೆ. ಎಣ್ಣೆ ಗಿಣ್ಣೆ ಏನಾರ ಹಚ್ಚಿದ್ರಾ?"

ಐದನೆಯದು ಜೀಪಿನ ಹಿಂದೆ ನೇತಾಡುತ್ತಿದ್ದ ಸ್ಪೇರ್ ಚಕ್ರ.

ಆಗ ನನಗೆ ನೆನಪೇ ಬರಲಿಲ್ಲ ಎಂದು ಬರೆದರೆ ಸುಳ್ಳು. ತಕ್ಷಣ ನೆನಪಾಯಿತು. ನಮ್ಮ ಅತ್ತೆಯವರ ಕಾಲದಲ್ಲಿ ಮನೆಯಲ್ಲಿ ಎತ್ತಿನ ಬಂಡಿ ಇತ್ತು. ಆಯುಧ ಪೂಜೆಯ ದಿನ ಬಂಡಿಯ ಮರದ ಗಾಲಿಗಳಿಗೆ ಹರಳೆಣ್ಣೆ ಉಜ್ಜಿ ಅರಿಸಿನ ಕುಂಕುಮ ಇಡುವುದು ಮನೆಯ ಸೊಸೆಯ ಕೆಲಸ. ಬಂಡಿ ಹೋಗಿ ಜೀಪು ಬಂದ ಮೇಲೂ ಅತ್ತೆ ಆ ಶಾಸ್ತ್ರವನ್ನು ಬಿಡಲಿಲ್ಲ. "ಮಣ್ಣು ಮುಟ್ಟೋ ಗಾಲಿಗೆ ಎಣ್ಣೆ ಕುಡಿಸ್ಬೇಕು," ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೂ ಬಿಡಲಿಲ್ಲ. ಮೂವತ್ತು ವರ್ಷ, ವರ್ಷಕ್ಕೊಂದು ಸಲ, ನಾಲ್ಕು ಚಕ್ರಕ್ಕೆ ಅಂಗೈಯಿಂದ ಹರಳೆಣ್ಣೆ ಉಜ್ಜಿದ್ದೇನೆ. ಹಿಂದೆ ನೇತಾಡುವುದು ಮಣ್ಣು ಮುಟ್ಟುವುದಿಲ್ಲವಲ್ಲ, ಅದಕ್ಕೆ ಬರೀ ಕುಂಕುಮ.

ಗಿರಾಕಿಗಳು ನೋಡುತ್ತಿದ್ದರು. ಹತ್ತು ದಿನದ ಹಿಂದೆ ಅದೇ ಜಾಗದಲ್ಲಿ ನಿಂತು ಇಂಗ್ಲಿಷಿನಲ್ಲಿ ಬೈದವಳು ನಾನು. ಈಗ ಅಲ್ಯೂಮಿನಿಯಂ ಚಕ್ರಕ್ಕೆ ಹರಳೆಣ್ಣೆ ತಿಕ್ಕುವ ಹೆಂಗಸು ಎಂದು ಹೇಗೆ ಒಪ್ಪಿಕೊಳ್ಳಲಿ?

"ನಾನೇನು ಚಕ್ರಕ್ಕೆ ತಲೆ ಬಾಚ್ತೀನಾ, ಎಣ್ಣೆ ಹಚ್ಚೋಕೆ?" ಎಂದೆ. "ಎಣ್ಣೆಯೂ ಇಲ್ಲ, ಏನೂ ಇಲ್ಲ. ನಿನ್ನ ಕೆಲಸ ಸರಿಯಿಲ್ಲ, ಅಷ್ಟೇ."

ಗಿರಾಕಿಗಳು ನಕ್ಕರು. ಕೋಟಿಂಗ್‌ಕಾರರು ನನ್ನ ಮುಖವನ್ನೊಮ್ಮೆ ನೋಡಿ, "ಇಲ್ಲ ಅಂದ್ರೆ ಇಲ್ಲ. ಅಕ್ಕ ಯಾಕೆ ಸುಳ್ಳು ಹೇಳ್ತಾರೆ? ಓವನ್ ಉದ್ದ ಮಾಡಿದ್ನಲ್ಲ, ಕಾವು ಸರಿಯಾಗಿ ನಿಲ್ತಿಲ್ಲವೋ ಏನೋ, ನೋಡ್ತೀನಿ," ಎಂದರು. ಅವರು ನನ್ನನ್ನು ನಂಬಿದರು. ಅದೇ ನನ್ನನ್ನು ಇನ್ನಷ್ಟು ರೇಗಿಸಿತು.

ಅದೇ ವಾರ ಅಣ್ಣನ ಮಗ ಕಾಫಿಗೆ ಬಂದ. ಫೋನಿನಲ್ಲಿ ತೆಗೆದಿಟ್ಟಿದ್ದ ಚಕ್ರದ ಫೋಟೋ ತೋರಿಸಿದೆ.

"ಏನತ್ತೆ ಇದು, ಮೈಮೇಲೆ ಅಮ್ಮೋರು ಎದ್ದ ಹಂಗದೆ!" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಮಂಟಪದ ಗೇಟೂ ಹಿಂಗೇ ಆದ್ರೆ? ಊರು ಜನ ನನ್ನ ಹುರಿದು ಮುಕ್ತಾರೆ. ಏನ್ ಮಾಡ್ಲಿ ಹೇಳಿ," ಎಂದ.

ಆಗ ಹೇಳಬಹುದಿತ್ತು. ಐದನೆಯ ಚಕ್ರದ ಫೋಟೋವೂ ಅದೇ ಫೋನಿನಲ್ಲಿತ್ತು. ತೋರಿಸಬಹುದಿತ್ತು... "ನನ್ನ ಕೇಳಿದರೆ ದಿಂಡಿಗಲ್‌ಗೆ ಕಳಿಸು. ಅಲ್ಲಿ ಪ್ರೊಫೆಷನಲ್ ಆಗಿ ಮಾಡ್ತಾರೆ," ಎಂದೆ. ಅವನು ಅಲ್ಲೇ ಕೂತು ಎರಡು ಫೋನು ಮಾಡಿದ. ಕಾಫಿ ಮುಗಿಯುವುದರೊಳಗೆ ಕೆಲಸ ದಿಂಡಿಗಲ್‌ಗೆ ಹೋಗಿತ್ತು.

ತಿಥಿಗೆ ಒಂದು ವಾರವಿರುವಾಗ ಕೋಟಿಂಗ್‌ಕಾರರ ಫೋನು ಬಂತು. "ನೀವೇ ಬನ್ನಿ ಅಕ್ಕಾ. ಮತ್ತೆ ಪೂರಾ ಸುಲಿದಿವ್ನಿ. ಪುಡಿ ಹಾಕೋ ಮುಂಚೆ ಬರೀ ಚಕ್ರನ ಒಲೆಗಿಟ್ಟು ನೋಡೋಣ ಅಂತ."

ಹೋದೆ. ಆಗ ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಓವನ್ನಿನ ಬಾಗಿಲು ತೆಗೆದದ್ದೇ ತಡ, ನೀಲಿ ಹೊಗೆಯ ಜೊತೆಗೆ ಕಾಯ್ದ ಹರಳೆಣ್ಣೆಯ ಕಮಟು ಮೂಗಿಗೆ ಬಡಿಯಿತು. ಚಕ್ರದ ಕಡ್ಡಿಗಳ ಬುಡದಲ್ಲಿ, ಸರಿಯಾಗಿ ಗುಳಿ ಬೀಳುತ್ತಿದ್ದ ಜಾಗಗಳಲ್ಲಿ, ಕಂದು ಬಣ್ಣದ ಹನಿಗಳು ಬೆವರಿನಂತೆ ಒಸರುತ್ತಿದ್ದವು. ಮರಳಿನ ಅಚ್ಚಿನಲ್ಲಿ ಹೊಯ್ದ ಲೋಹಕ್ಕೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವಂತೆ. ಮೂವತ್ತು ವರ್ಷದ ಎಣ್ಣೆಯನ್ನು ಅದು ಮರದ ಗಾಲಿಯಂತೆಯೇ ಕುಡಿದು ಕೂತಿತ್ತು. ಪ್ರತಿ ಸಲ ಬೇಯಿಸಿದಾಗಲೂ ಆ ಎಣ್ಣೆ ಹೊರಗೆ ಬರಲು ಬಣ್ಣವನ್ನು ಒಡೆಯುತ್ತಿತ್ತು.

ಅವರು ಬಿಳಿ ಬಟ್ಟೆಯಲ್ಲಿ ಒಂದು ಹನಿ ಒರೆಸಿ, ಮೂಸಿ ನೋಡಿದರು. ಅಂದು ಅವರ ರೆಪ್ಪೆಗಳ ಮೇಲೆ ಯಾವ ಬಣ್ಣವೂ ಇರಲಿಲ್ಲ. ಕೆಲಸವೇ ಇರಲಿಲ್ಲವೇನೋ...

"ನಮ್ಮವ್ವನೂ ಬಂಡಿ ಗಾಲಿಗೆ ಇದನ್ನೇ ಹಚ್ಚೋಳು ಅಕ್ಕಾ," ಎಂದರು. "ಗಾಲಿ ಬಿರೀಬಾರ್ದು ಅಂತ."

ಅಷ್ಟೇ ಹೇಳಿದ್ದು. ಅದರಲ್ಲಿ ಕೊಂಕಿರಲಿಲ್ಲ. ಮಂಟಪದ ಮಾತು ಎತ್ತಲಿಲ್ಲ. ಕೆಲಸ ದಿಂಡಿಗಲ್‌ಗೆ ಹೋದದ್ದು ಅವರಿಗೆ ಗೊತ್ತಾಗಿತ್ತು. ಸಾರಿ ಎಂಬ ಒಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳಿಸುವ ಸ್ಕೂಲಿನಲ್ಲಿ ಓದಿದವಳು ನಾನು. ಆ ಗಳಿಗೆಯಲ್ಲಿ ಬಾಯಿಂದ ಬಂದದ್ದು ಬೇರೆಯೇ.

"ಮೊದಲ್ನೇ ಸಲವೇ ಹಿಂಗೆ ಮಾಡಿ ನೋಡ್ಬೇಕಿತ್ತಲ್ಲಪ್ಪಾ? ನಲವತ್ತು ದಿನ ಹೋಯ್ತಲ್ಲ!"

"ಹೌದಕ್ಕಾ," ಎಂದರು. "ನೋಡ್ಬೇಕಿತ್ತು."

ಎರಡು ದಿನ ಬರೀ ಚಕ್ರಗಳನ್ನೇ ಕಾಯಿಸಿ, ಒರೆಸಿ, ಹೊಗೆ ನಿಲ್ಲುವವರೆಗೂ ಮತ್ತೆ ಕಾಯಿಸಿದರು. ಆಮೇಲೆ ಬಣ್ಣ ಹಾಕಿದರು. ಪೂಜೆಯ ಹಿಂದಿನ ದಿನ ಐದೂ ಚಕ್ರ ಮನೆಗೆ ಬಂದವು. ಕನ್ನಡಕ ಹಾಕಿಕೊಂಡು ಹುಡುಕಿದೆ. ಒಂದೇ ಒಂದು ಗುಳಿ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟು ಸಮಾಧಾನವಾಗುತ್ತಿತ್ತೋ.

ಮರುದಿನ ಅಣ್ಣನ ಮಗನೇ ಜೀಪು ಓಡಿಸಿದ. ಬೆಟ್ಟ ಹತ್ತುವಾಗ ಈ ತಿರುವು ದಾಟಿದ ಮೇಲೆ ಹೇಳುತ್ತೇನೆ, ಇದಲ್ಲ, ಮುಂದಿನದು ದಾಟಿದ ಮೇಲೆ, ಎಂದುಕೊಳ್ಳುತ್ತಾ ತೋಟದವರೆಗೂ ಹೋದೆ. ಇಳಿಯುವಾಗಲೂ ಹಾಗೆಯೇ. "ಚಕ್ರ ಸೂಪರ್ ಅತ್ತೆ," ಎಂದ ಅವನು. "ನೀವು ಬಿಡದೆ ಬೈದಿದ್ದಕ್ಕೇ ಸರಿ ಮಾಡಿಕೊಟ್ಟ ಆ ಮನುಷ್ಯ." ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಉದ್ದ ಮಾಡಿಸಿದ ಆ ಓವನ್ನಿನಲ್ಲಿ ಅಷ್ಟುದ್ದದ ಗೇಟು ಯಾವತ್ತೂ ಬೇಯಲಿಲ್ಲ. ಮಂಟಪದ ಕೆಲಸವೇ ಕೈತಪ್ಪಿತಂತೆ ಎಂಬ ಮಾತು ಹರಡಿದ ಮೇಲೆ ಬೀರು ಗ್ರಿಲ್ಲಿನವರೂ ಕಡಿಮೆಯಾದರು. ಎರಡು ವರ್ಷದಲ್ಲಿ ಶೆಡ್ಡಿಗೆ ಬೀಗ ಬಿತ್ತು. ತಿರುಪ್ಪೂರಿನಲ್ಲಿ ಮಗಳ ಮನೆಗೆ ಹೋದರು ಎಂದು ಅಕ್ಕಿ ಗಿರಣಿಯಲ್ಲಿ ಹೇಳಿದರು. ಹೋದ ವರ್ಷ ನಾನು ಅದೇ ಗಿರಣಿಯಲ್ಲಿ ಅಕ್ಕಿ ಹಿಟ್ಟು ಮಾಡಿಸಲು ನಿಂತಿದ್ದಾಗ, ಕೋಟಿಂಗ್‌ಕಾರರು ತೀರಿಕೊಂಡರು ಎಂದರು. ಹಿಟ್ಟಿನ ಪಾತ್ರೆ ಕೈಯಲ್ಲಿತ್ತು. ಬಿಸಿಯಾಗಿತ್ತು...

ಬೋಲ್ಟ್ ತೂತಿನ ವಿಷಯ ಮಾತ್ರ ಅವರದೇ ತಪ್ಪು. ಅದನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಉಳಿದದ್ದೆಲ್ಲ ನನ್ನದು.

ಮೊನ್ನೆ ಕಾಫಿ ಲೋಟವನ್ನು ಕೆಳಗಿಟ್ಟು ಅಣ್ಣನ ಮಗನಿಗೆ ಫೋನು ಮಾಡಿದೆ. ಅವನೀಗ ಏಲಕ್ಕಿ ವ್ಯಾಪಾರದಲ್ಲಿ ದೊಡ್ಡ ಮನುಷ್ಯ. ಹಿಂದೆ ಯಾರೋ ಏಲಕ್ಕಿಯ ಬೆಲೆ ಕೂಗುತ್ತಿದ್ದರು. ಒಂದೇ ಉಸಿರಿಗೆ ಹೇಳಿಬಿಟ್ಟೆ: ಚಕ್ರಗಳಿಗೆ ಎಣ್ಣೆ ಹಚ್ಚಿದ್ದು ನಾನು, ಕೇಳಿದಾಗ ಇಲ್ಲ ಎಂದದ್ದೂ ನಾನು, ಮಂಟಪದ ಕೆಲಸ ಅವರ ಕೈತಪ್ಪಿದ್ದು ನನ್ನಿಂದ ಎಂದು.

"ಯಾವ ಕೋಟಿಂಗ್‌ಕಾರ ಅತ್ತೆ?" ಎಂದ.

ಅವರ ಹೆಸರು ಹೇಳಿದೆ. ಅವನಿಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳಿದೆ, ಊರಿನ ಹೆಸರನ್ನೂ ಸೇರಿಸಿ ಹೇಳಿದೆ.

"ಓ, ಮಂಟಪದ ಹಳೇ ಗೇಟಾ? ಅದನ್ನ ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕ್ಸಿ ಆಯ್ತಲ್ಲ ಅತ್ತೆ. ಈಗ್ಯಾಕೆ ಅದೆಲ್ಲಾ?"

"ಅವರ ಕೆಲಸ ಚೆನ್ನಾಗಿತ್ತು," ಎಂದೆ. "ಅದನ್ನ ನಿನಗೆ ಹೇಳ್ಬೇಕಾಗಿತ್ತು."

"ಸರಿ ಅತ್ತೆ," ಎಂದ. ಆಮೇಲೆ ಅವನು ಬಹಳ ಪ್ರೀತಿಯಿಂದಲೇ ಕೇಳಿದ, "ಸಾಪಾಡು ಆಯ್ತಾ?"

ಇನ್ನೂ ಇಲ್ಲ ಎಂದೆ.