ಎಳೆದಾಡಿದ ಕೊಡ

ಆಗೆಲ್ಲ ಕೊಡಿಗೇಹಳ್ಳಿಯ ನಮ್ಮ ಬೀದಿಗೆ ಟಿವಿಯಲ್ಲಿ ಬಂದದ್ದೇ ಸತ್ಯ. ನಾನು ಆರನೇ ಕ್ಲಾಸು. ಆ ಬೇಸಿಗೆ ನಲ್ಲಿಯಲ್ಲಿ ಹತ್ತು ದಿನಕ್ಕೊಮ್ಮೆ ನೀರು, ಅದಕ್ಕೂ ಚರಂಡಿಯ ವಾಸನೆ. ಗದಗಿನ ಕಡೆಯಿಂದ ಬಂದ ನನ್ನ ಅವ್ವ, ಎದುರು ಮನೆಯ, ಇದೇ ಊರಿನ ರತ್ನಮ್ಮ ಆಂಟಿ ಇಬ್ಬರೂ ಸೇರಿ ಹೊಸ ಪೈಪಿನ ಅರ್ಜಿಗೆ ಮನೆಮನೆಯಲ್ಲಿ ಸಹಿ ಹಾಕಿಸುತ್ತಿದ್ದರು. ಉಪ್ಪುಖಾರ ಹಚ್ಚಿದ ಮಾವಿನಕಾಯಿ ಕಚ್ಚುತ್ತ ನಾವು ಮಕ್ಕಳು ಹಿಂದೆ.

ಮೊದಲು ಬಂದದ್ದು ಸರ್ಕಾರಿ ಟಿವಿ. ಅವ್ವ ಮೈಕಿಗೆ, "ಹತ್ತು ದಿನಕ್ಕೊಮ್ಮೆ ಬರ್ತೈತ್ರಿ, ಅದೂ ನಾರತೈತಿ" ಅಂದಳು. ಟಿವಿಯಲ್ಲಿ ಬಂದದ್ದು ಅವ್ವ ಕೈಮುಗಿದ ದೃಶ್ಯ ಮಾತ್ರ. ಮೇಲಿಂದ ಒಂದು ಗಂಡು ದನಿ: ಸರ್ಕಾರಕ್ಕೆ ಜನರ ಕೃತಜ್ಞತೆ!

"ನಾ ಅಂದಿದ್ದೆಲ್ಲಾ ಎಲ್ಲಿ ಹೋತು?"

"ಸರ್ಕಾರದೋರು ಇಂಗೇ ಕಣಕ್ಕಾ. ಪ್ರೈವೇಟ್‌ನೋರ್ನ ಕರ್ಸಾನ ಬಿಡು" ಅಂದರು ರತ್ನಮ್ಮ ಆಂಟಿ.

ಅವರೂ ಬಂದರು. ಟಿವಿಯವರು ಬರುತ್ತಾರೆಂದು ಇಡೀ ಬೀದಿಯ ಹೆಂಗಸರು ಮದುವೆಯ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದ್ದರು. ವರದಿಗಾರ ತಲೆ ಚಚ್ಚಿಕೊಂಡ. "ಹಿಂಗ್ ಬಂದ್ರೆ ನೀರಿಲ್ಲ ಅಂತ ಯಾರ್ ನಂಬ್ತಾರೆ ಮೇಡಂ? ಹಳೇದು ಉಟ್ಕೊಂಡ್ ಬನ್ನಿ." ಉಟ್ಟು ಬಂದರು. ಅವನು ಅವ್ವ, ರತ್ನಮ್ಮ ಆಂಟಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದ. "ಈಗ ನೀವಿಬ್ರೂ ಈ ಕೊಡ ಎಳೆದಾಡಿ. ಸುಮ್ನೆ ಆಕ್ಟಿಂಗು. ಆಗ್ಲೇ ಆಫೀಸರ್‌ಗಳು ಎದ್ದೇಳೋದು."

"ಬಿಡೇ ಕೊಡಾನ!"

"ನೀ ಬಿಡ ಮೊದಲ!"

ನಗು ತಡೆಯಲಾಗದೆ ಮೂರು ಸಲ ಎಳೆದಾಡಿದರು. ನಾವು ಸಿಳ್ಳೆ ಹೊಡೆದೆವು.

ಸಂಜೆ ಪರದೆಯ ಮೇಲೆ ಕೆಂಪು ಅಕ್ಷರ: 'ನೀರಿಗಾಗಿ ಕಾಳಗ: ಸ್ಥಳೀಯರು ವರ್ಸಸ್ ವಲಸಿಗರು'. ನಗು ಕತ್ತರಿಸಿದ್ದರು. ಪೈಪಿನ ಸುದ್ದಿಯಿಲ್ಲ, ಅರ್ಜಿಯ ಸುದ್ದಿಯಿಲ್ಲ. ಹೊರಗಿನವರಿಗೆ ಎಷ್ಟು ನೀರು ಕೊಡಬೇಕೆಂದು ಸ್ಟುಡಿಯೋದಲ್ಲಿ ನಾಲ್ವರ ಚರ್ಚೆ!

ಬೆಳಿಗ್ಗೆ ರತ್ನಮ್ಮ ಆಂಟಿಯ ಮೈದುನ ನಮ್ಮ ಬಾಗಿಲಿಗೇ ಬಂದ. "ನಮ್ಮೂರಾಗೆ ಬಂದು ನಮ್ಮತ್ಗೆ ಮೇಲೇ ಕೈ ಮಾಡ್ತೀರಾ?"

"ಅದು ಆಟ ಆಗಿತ್ತಪಾ. ನಿಮ್ಮ ಅತ್ತಿಗೀನ ಕೇಳ" ಅಂದಳು ಅವ್ವ.

ಆಂಟಿ ಕಿಟಕಿಯ ಹಿಂದೆ ನಿಂತಿದ್ದರು. ಹೊರಗೆ ಬರಲಿಲ್ಲ. ವಾರದೊಳಗೆ ಊರಿನವರು ಅರ್ಜಿಯಲ್ಲಿದ್ದ ತಮ್ಮ ಸಹಿ ಹೊಡೆದುಹಾಕಿಸಿದರು.

ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪ್ರಜಾಪ್ರಭುತ್ವಕ್ಕೆ ಸರ್ಕಾರಿ ಟಿವಿಯೇ ಬೇಕು ಎಂದೂ ವಾದಿಸಿ ಗೆದ್ದೆ, ಖಾಸಗಿ ಟಿವಿಯೇ ಬೇಕು ಎಂದೂ ವಾದಿಸಿ ಗೆದ್ದೆ. ಎರಡು ಸಲವೂ ಸುಳ್ಳು ಹೇಳಿದೆ. ಒಂದು ಟಿವಿ ಅವ್ವನ ಮಾತು ನುಂಗಿತು, ಇನ್ನೊಂದು ಅವಳ ಗೆಳತಿಯನ್ನೇ ನುಂಗಿತು. ಬೇಡವಾದರೆ ಚಾನೆಲ್ ಬದಲಿಸಿ, ರಿಮೋಟು ನಿಮ್ಮ ಕೈಯಲ್ಲೇ ಇದೆಯಲ್ಲ ಅನ್ನುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ಪೈಪು ಬಂತು, ಬಹಳ ವರ್ಷ ತಡವಾಗಿ. ಬೆಳಿಗ್ಗೆ ಎದುರುಬದುರು ಬಾಗಿಲಲ್ಲಿ ಇಬ್ಬರೂ ನೀರು ಚಿಮುಕಿಸಿ ರಂಗೋಲಿ ಹಾಕುತ್ತಾರೆ, ತಲೆ ಎತ್ತದೆ.