ಗುಲಾಬಿಗೆ ತಿರುಗಿದ ಶೀಶೆಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಶೀಶೆಯಮ್ಮ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅವಳಿಗೆ ಒಂದೇ ಕೆಲಸ: ರಬ್ಬರ್ ಬಿರಡೆ ಬಿಗಿದ ನಾಲ್ಕು ಶೀಶೆಗಳೊಳಗಿನ ಕಪ್ಪು ಕೆಸರನ್ನು ಬದುಕಿಸಿಡುವುದು. ಆ ಕೆಸರಿನ ಬ್ಯಾಕ್ಟೀರಿಯಾಗಳು ಬಟ್ಟೆ ಶುಚಿ ಮಾಡುವ ಕ್ಲೋರಿನ್ ದ್ರಾವಣವನ್ನೇ ಉಸಿರಾಡುತ್ತಿದ್ದವು. ಉಸಿರಾಡುತ್ತಲೇ ಅದರ ವಿಷ ಕಳೆಯುತ್ತಿದ್ದವು. ಗಾಳಿ ಮಾತ್ರ ಅವಕ್ಕೆ ಸಾವು. ಒಮ್ಮೆ ಕ್ಲೋರೋಫಾರ್ಮ್ ತುಸು ಬೆರೆತು ಮುಷ್ಕರ ಹೂಡಿದಂತೆ ಸುಮ್ಮನೆ ಕೂತಿದ್ದವು. ಅವಳು ಎರಡು ತಿಂಗಳು ರಮಿಸಿ ಮತ್ತೆ ಕೆಲಸಕ್ಕೆ ಹಚ್ಚಿದ್ದಳು.

ಕೆಸರು ಬಂದದ್ದು ಅವಳ ಅಕ್ಕ ಇಪ್ಪತ್ತು ವರ್ಷ ದುಡಿದ ಡ್ರೈಕ್ಲೀನಿಂಗ್ ಅಂಗಡಿಯ ಹಿತ್ತಲಿನಿಂದ. ಅಲ್ಲಿ ಸುರಿದ ದ್ರಾವಣ ನೆಲಕ್ಕಿಳಿದು ಬೀದಿಯ ಬಾವಿ ಕೆಟ್ಟಿತ್ತು. ಈಗ ಆಸ್ಪತ್ರೆಯಲ್ಲಿದ್ದ ಅಕ್ಕನಿಗೆ ಒಂದೇ ಆಸೆ. "ಕಣ್ಮುಚ್ಚೋ ಮುಂಚೆ ಆ ಬಾವಿ ನೀರು ಒಂದು ಗುಟುಕು ಕುಡೀಬೇಕು ಕಣೇ." ನೆಲದಡಿಯ ನೀರು ಶುಚಿಯಾಗಲೆಂದು ಮುಂದಿನ ವಾರವೇ ಶೀಶೆಗಳನ್ನು ಬಾವಿಯ ಬಳಿ ಇಳಿಸಿದ್ದ ಕೊಳವೆಗೆ ಸುರಿಯುವುದಿತ್ತು.

ಅಷ್ಟರಲ್ಲಿ ಒಂದು ಬೆಳಗ್ಗೆ ಅಕ್ಕನ ಆಕ್ಸಿಜನ್ ಸಿಲಿಂಡರಿನ ವಾಲ್ವ್ ತೆರೆದಿದೆಯೇ ಎಂದು ಹತ್ತು ಸಲ ನೋಡಿ ಬಂದವಳು, ಇಲ್ಲಿ ಶೀಶೆಗಳಿಗೆ ಉಣಿಸುವ ಹೈಡ್ರೋಜನ್ನಿನ ವಾಲ್ವ್ ತಿರುಗಿಸುವುದನ್ನೇ ಮರೆತಳು. ಸಿರಿಂಜಿಗೆ ಬಂದದ್ದು ಕೋಣೆಯ ಗಾಳಿ. ನಾಲ್ಕೂ ಬಿರಡೆಗೆ ಚುಚ್ಚಿದಳು.

ಮರುದಿನ ನೋಡಿದರೆ ನಾಲ್ಕೂ ಗುಲಾಬಿ. ಗಾಳಿ ಸೋಕಿದರೆ ಹಾಗೆ ತಿರುಗಲೆಂದೇ ಅವುಗಳಲ್ಲಿ ಬಣ್ಣ ಬೆರೆಸಿಟ್ಟಿದ್ದರು. ವಾರವಿಡೀ ಕಾದರೂ ದ್ರಾವಣ ಹನಿಯಷ್ಟೂ ಕಡಿಮೆಯಾಗಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬೈಯಲಿಲ್ಲ. "ಕ್ಲೋರೋಫಾರ್ಮ್ ಆಗಿದ್ರೆ ಕಾಯಬಹುದಿತ್ತು. ಗಾಳಿ ತಾಗಿದ್ಮೇಲೆ ಇವು ಏಳಲ್ಲಮ್ಮ" ಎಂದರು. ಬೈದಿದ್ದರೇ ವಾಸಿಯಿತ್ತು.

ಸಂಜೆ ಅಕ್ಕ ಮಾಸ್ಕ್ ಸರಿಸಿ ಕೇಳಿದಳು, "ಹೇಗಿದಾವೆ ನಿನ್ನ ಮಕ್ಕಳು?"

"ಸತ್ತೋದ್ವು ಅಕ್ಕ. ನಾನೇ ಕೊಂದೆ. ಗಾಳಿ ಹಾಕ್ಬಿಟ್ಟೆ."

ಅಕ್ಕ ನಕ್ಕಳು, ನಗು ಕೆಮ್ಮಾಯಿತು. "ಅಯ್ಯೋ ಪೆದ್ದಿ, ಆ ಗಾಳಿನ ನಂಗಾದ್ರೂ ಹಾಕ್ಬಾರ್ದಿತ್ತೇನೇ?"

ತಂಗಿ ಅವಳ ಅಂಗೈಯಲ್ಲಿ ಮುಖ ಹುದುಗಿಸಿದಳು. ಅಕ್ಕ ಮೆಲ್ಲಗೆ ಹೇಳಿದಳು, "ಅಂಗಡಿ ಹಿತ್ತಲ ನಲ್ಲಿಕಟ್ಟೆ ಎಡಕ್ಕೆ ಅಗಿ. ಮಾಲೀಕರು ಸುರೀತಿದ್ರು ಅಂತಿದ್ನಲ್ಲ, ಸುಳ್ಳು. ಡಬ್ಬ ಹೊರೋಕೆ ಸೋಮಾರಿತನ ಆಗಿ ನಾನೇ ಅಲ್ಲಿ ಬಗ್ಗಿಸ್ತಿದ್ದೆ. ಅದನ್ನ ಜಾಸ್ತಿ ಉಂಡಿರೋ ನಿನ್ನ ಮಕ್ಕಳು ಅಲ್ಲೇ ಇರ್ತಾವೆ."

ಬಾವಿಯ ನೀರನ್ನೇ ಅವಳು ಯಾಕೆ ಕೇಳುತ್ತಿದ್ದಳೆಂದು ತಂಗಿಗೆ ಆಗ ತಿಳಿಯಿತು.

ಅಕ್ಕ ತೀರಿಹೋದ ಐದನೆಯ ದಿನ ಶೀಶೆಯಮ್ಮ ನಲ್ಲಿಕಟ್ಟೆಯ ಎಡಕ್ಕೆ ಮಂಡಿಯೂರಿ ಅಗೆದಳು. ಆಳದಲ್ಲಿ ಒರತೆ ನೀರು, ಕಪ್ಪು ಕೆಸರು. ಪಳಗಿಸಲು ಮತ್ತೆಷ್ಟು ವರ್ಷವೋ. ಜಾಡಿಯನ್ನು ಆ ನೀರಲ್ಲೇ ಮುಳುಗಿಸಿ, ಅಂಚಿನವರೆಗೆ ತುಂಬಿಸಿ, ಒಳಗೇ ಮುಚ್ಚಳ ತಿರುಗಿಸಿದಳು. ಅಷ್ಟು ಹೊತ್ತೂ ತನ್ನ ಉಸಿರನ್ನೂ ಬಿಗಿಹಿಡಿದಿದ್ದಳು.

ಬಿಸಿಲಿಗೆ ಎತ್ತಿ ನೋಡಿದಳು. ಗಾಳಿಯ ಒಂದು ಗುಳ್ಳೆಯೂ ಇರಲಿಲ್ಲ.